ಹನಿ ಮೇಡಂ ಅವರ ಹನ್ನೊಂದು

ಆ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಮೂವತ್ತೆಂಟು ವರ್ಷ ದುಡಿದವನನ್ನು ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಪೆನ್ಸಿಲಣ್ಣ ಎಂದೇ ಕರೆಯುತ್ತಿದ್ದರು. ಅವನ ಬಲಗಿವಿಯ ಮೇಲೆ ಒಂದು ಕೆಂಪು ಪೆನ್ಸಿಲು ಸದಾ ಕೂತಿರುತ್ತಿತ್ತು. ಊಟಕ್ಕೆ ಕೂತಾಗಲೂ ಅದು ಅಲ್ಲೇ. ಒಮ್ಮೆ ಕ್ಷೌರದಂಗಡಿಯವನು ಅದನ್ನು ತೆಗೆದಿಡಿ ಅಂದದ್ದಕ್ಕೆ, ಅದರ ಸುತ್ತ ಕತ್ತರಿಸಿಬಿಡಪ್ಪ ಅಂದನಂತೆ. ಇದು ಅವನ ಹೆಂಡತಿ ಹೇಳಿದ ಮಾತು, ಆಕೆ ಒಂದಕ್ಕೆರಡು ಸೇರಿಸಿ ಹೇಳುವವಳಲ್ಲ.

ಅವನ ಕೆಲಸ ಎಣಿಸುವುದು. ವಿಜ್ಞಾನಿಗಳು ಲೇಖನ ಬರೆಯುತ್ತಾರೆ, ಬರೆದು ಕೊನೆಯಲ್ಲಿ ಒಂದು ಪಟ್ಟಿ ಕೊಡುತ್ತಾರೆ: ನಾವು ಇಂಥಿಂಥವರ ಕೆಲಸವನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ ಎಂದು. ಆ ಪಟ್ಟಿಯಲ್ಲಿ ನಿಮ್ಮ ಲೇಖನ ಬಂದರೆ ನಿಮಗೊಂದು ಉಲ್ಲೇಖ ಸಿಕ್ಕಂತೆ. ಸಂಸ್ಥೆಯ ಯಾವ ಡಾಕ್ಟರಿಗೆ, ಯಾವ ಲೇಖನಕ್ಕೆ ಎಷ್ಟು ಉಲ್ಲೇಖ ಬಂದಿದೆ ಎಂದು ಎಣಿಸಿ, ಹಾಳೆಯ ಮೇಲೆ ಬರೆದು, ಕೆಳಗೆ ಸಹಿ ಹಾಕಿ ನಿರ್ದೇಶಕರ ಮೇಜಿಗೆ ಕಳಿಸುವುದು ಪೆನ್ಸಿಲಣ್ಣನ ಜವಾಬ್ದಾರಿ. ಯಾರಿಗೆ ಬಡ್ತಿ, ಯಾರ ಲ್ಯಾಬು ಉಳಿಯಬೇಕು, ಯಾರದು ಮುಚ್ಚಬೇಕು ಎಂಬುದೆಲ್ಲ ಆ ಹಾಳೆಯನ್ನು ನೋಡಿಯೇ ತೀರ್ಮಾನವಾಗುತ್ತಿತ್ತು.

ಕೆಲಸಕ್ಕೆ ಸೇರಿದಾಗ ಅವನಿಗೆ ಇಪ್ಪತ್ತೆರಡು. ಆಗ ಕಂಪ್ಯೂಟರ್ ಎಲ್ಲಿಂದ ಬರಬೇಕು? ಉಲ್ಲೇಖಗಳ ಸೂಚಿ ದಪ್ಪ ದಪ್ಪ ಸಂಪುಟಗಳಾಗಿ ಬರುತ್ತಿತ್ತು. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ, ಅಕ್ಷರವೋ ಸಾಸಿವೆಗಿಂತ ಸಣ್ಣದು. ಉತ್ತರದ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು, ಭೂತಗನ್ನಡಿ ಹಿಡಿದು, ಒಂದು ಉಲ್ಲೇಖಕ್ಕೆ ಒಂದು ಕಾರ್ಡಿನಂತೆ ಬರೆಯುತ್ತಿದ್ದ. ಕಾರ್ಡುಗಳೆಲ್ಲ ಸೇರಿದ ಮೇಲೆ ಪೆನ್ಸಿಲು ಕಿವಿಯಿಂದ ಕೆಳಗಿಳಿಯುತ್ತಿತ್ತು. ತನ್ನ ಲೇಖನವನ್ನು ತಾನೇ ಉಲ್ಲೇಖಿಸಿಕೊಂಡರೆ ಅದು ಲೆಕ್ಕಕ್ಕಿಲ್ಲ ಎಂಬುದು ಸಂಸ್ಥೆಯ ನಿಯಮ. ಅಂಥ ಕಾರ್ಡಿನ ಮೇಲೆ ಒಂದು ಕೆಂಪು ಗೆರೆ. ಗೆರೆ ಎಳೆಯುವಾಗ ಅವನ ಮುಖದಲ್ಲಿ ಒಂದು ಸುಖ ಕಾಣುತ್ತಿತ್ತು, ಸುಳ್ಳೇಕೆ ಹೇಳಬೇಕು.

ಆಮೇಲೆ ಕಂಪ್ಯೂಟರ್ ಬಂತು. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಸಂಖ್ಯೆ ಎದುರಿಗೆ. ಆದರೆ ಪೆನ್ಸಿಲಣ್ಣನಿಗೆ ಅದರ ಮೇಲೆ ಕಿಂಚಿತ್ತೂ ನಂಬಿಕೆಯಿರಲಿಲ್ಲ. ಎಲ್ಲವನ್ನೂ ಪ್ರಿಂಟ್ ತೆಗೆದು, ಮತ್ತೆ ಅದೇ ಕಿಟಕಿಯ ಪಕ್ಕ ಕೂತು, ಒಂದೊಂದಾಗಿ ನೋಡುತ್ತಿದ್ದ. ನಲವತ್ತಮೂರು ಉಲ್ಲೇಖ ಬಂದಿದೆ ಎಂದು ಬೀಗುತ್ತಾ ಬಂದ ಹೃದಯದ ಡಾಕ್ಟರೊಬ್ಬರದು ಅವನ ಕೈಯಿಂದ ಹೊರಬರುವಾಗ ಒಂಬತ್ತಾಗಿತ್ತು. ಉಳಿದ ಮೂವತ್ತನಾಲ್ಕು ಅವರವೇ. ಎಣಿಕೆಯ ತಿಂಗಳು ಬಂತೆಂದರೆ ಅವನ ಮಂಡಿನೋವಿನ ಬಗ್ಗೆ ಮೂಳೆಯ ಡಾಕ್ಟರಿಗೆ ಎಲ್ಲಿಲ್ಲದ ಕಾಳಜಿ ಹುಟ್ಟುತ್ತಿತ್ತು. ಯಾರೋ ಮನೆಗೆ ಸಿಹಿಯ ಡಬ್ಬಿ ಕಳಿಸಿದ್ದರು, ಮಾರನೆಯ ದಿನ ಅದನ್ನು ಅವರ ಮೇಜಿನ ಮೇಲೇ ಇಟ್ಟು ಬಂದ. ಡಬ್ಬಿ ತೆರೆದೂ ನೋಡಲಿಲ್ಲವಲ್ಲ ಎಂದು ಹೆಂಡತಿ ಒಂದು ವಾರ ಗೊಣಗಿದಳು.

ಸುಳ್ಳು ಸಂಖ್ಯೆಗೆ ಅವನ ಸಹಿ ಬೀಳುವುದಿಲ್ಲ ಎಂಬುದು ಸಂಸ್ಥೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಬೈದುಕೊಳ್ಳುವವರೂ ಅದನ್ನು ಒಪ್ಪುತ್ತಿದ್ದರು. ಪೆನ್ಸಿಲಣ್ಣನಿಗೆ ಬದುಕಿನಲ್ಲಿ ಹೇಳಿಕೊಳ್ಳಲು ಬೇರೆ ಹೆಚ್ಚಿನದೇನೂ ಇರಲಿಲ್ಲ. ಮಕ್ಕಳಾಗಲಿಲ್ಲ, ಎರಡು ಕೋಣೆಯ ಮನೆ, ಮಂಡಿನೋವು. ಅದೊಂದು ಮಾತ್ರ ಇತ್ತು, ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ.

ಹನಿ ಮೇಡಂ ಅವನ ಮೇಜಿಗೆ ಮೊದಲ ಬಾರಿ ಬಂದದ್ದು ಇಪ್ಪತ್ತಮೂರು ವರ್ಷದ ಹಿಂದೆ. ಆಗ ಅವರಿಗೆ ಮೂವತ್ತೊಂದು. ಸಣ್ಣ ಆಳು, ಸಣ್ಣ ಧ್ವನಿ, ಕೈಯಲ್ಲಿ ಸದಾ ಒಂದು ಬಟ್ಟೆಯ ಚೀಲ. ಹುಟ್ಟಿದ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ದಪ್ಪ ಕಾಗದದ ಮೇಲೆ ಇಳಿಸಿ ಒಣಗಿಸುತ್ತಾರಲ್ಲ, ಆ ಹನಿಯೇ ಅವರ ಕೆಲಸ. ಅದಕ್ಕೇ ಹನಿ ಮೇಡಂ. ಆ ಒಂದು ಹನಿಯಲ್ಲಿ ಮಗುವಿಗೆ ಮುಂದೆ ಬರಬಹುದಾದ ಕೆಲವು ಕಾಯಿಲೆಗಳನ್ನು ಮೊದಲೇ ಕಂಡುಹಿಡಿದು ತಡೆಯಬಹುದು. ಆದರೆ ಸೆಕೆಗೆ ಹನಿ ಕೆಟ್ಟುಹೋಗುತ್ತಿತ್ತು. ದೂರದ ಆಸ್ಪತ್ರೆಗಳಿಂದ ಲ್ಯಾಬಿಗೆ ಬರುವಷ್ಟರಲ್ಲಿ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಮೇಡಂ ಎರಡು ವರ್ಷ ಒದ್ದಾಡಿ ಒಂದು ಉಪಾಯ ಕಂಡುಹಿಡಿದರು. ಕಾಗದಕ್ಕೆ ಮೊದಲೇ ಒಂದು ಬಗೆಯ ಸಕ್ಕರೆಯ ನೀರು ಸವರಿ ಒಣಗಿಸಿಟ್ಟರೆ, ಹನಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಇಷ್ಟೇ. ಹೇಳಿದರೆ ಎರಡು ವಾಕ್ಯ.

ಪೆನ್ಸಿಲಣ್ಣನ ಹೆಂಡತಿ ಎದುರಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್. ಸಕ್ಕರೆಯ ಕಾಗದ ಬರುವುದಕ್ಕಿಂತ ಮೊದಲು ಹೇಗಿತ್ತು ಎಂಬುದು ಆಕೆಗೆ ಗೊತ್ತು. ಹನಿ ಕೆಟ್ಟಿದೆ, ಮತ್ತೊಮ್ಮೆ ಕಳಿಸಿ ಎಂದು ಚೀಟಿ ಬರುವಷ್ಟರಲ್ಲಿ ತಾಯಿ ಮಗುವನ್ನೆತ್ತಿಕೊಂಡು ಊರು ಸೇರಿರುತ್ತಿದ್ದಳು. ಎಲ್ಲಿ ಹುಡುಕುವುದು? ನಾಲ್ಕು ವರ್ಷ ಕಳೆದ ಮೇಲೆ ಅದೇ ತಾಯಿ, ಅದೇ ಮಗು, ಮಾತಿಲ್ಲ, ನಡಿಗೆಯಿಲ್ಲ. ಆಗ ಏನು ಮಾಡಿಯೂ ಪ್ರಯೋಜನವಿಲ್ಲ. ಅಂಥ ಮೂರು ಮಕ್ಕಳ ಮುಖ ಆಕೆಗೆ ನೆನಪಿತ್ತು. ಹೊಸ ಕಾಗದ ಬಂದ ಮೇಲೆ ನಾಲ್ಕನೆಯ ಮುಖ ನೋಡಬೇಕಾಗಿ ಬರಲಿಲ್ಲ.

ಇರಲಿ, ಆ ಮೊದಲ ದಿನಕ್ಕೆ ಬರೋಣ. ಮೇಡಂ ಅವರ ಸಕ್ಕರೆ ಕಾಗದದ ಲೇಖನಕ್ಕೆ ಹದಿನಾಲ್ಕು ಉಲ್ಲೇಖ ಬಂದಿತ್ತು. ಅದರಲ್ಲಿ ಹನ್ನೊಂದು ಅವರದೇ ಮುಂದಿನ ಲೇಖನಗಳಿಂದ. ತಪ್ಪೇನೂ ಅಲ್ಲ, ಹಿಂದಿನ ಕೆಲಸದ ಮೇಲೆ ಮುಂದಿನದನ್ನು ಕಟ್ಟುವವರು ಹಿಂದಿನದನ್ನು ಹೇಳಲೇಬೇಕು. ಎಣಿಕೆಗೆ ಬರುವುದಿಲ್ಲ, ಅಷ್ಟೆ. ಆದರೆ ಪೆನ್ಸಿಲಣ್ಣನಿಗೆ ಆಗ ಮೂವತ್ತೇಳು, ಲೈಬ್ರರಿಯಲ್ಲಿ ಹೆಸರು ಬಂದಿತ್ತು, ಮೇಜಿನ ಮುಂದೆ ಇನ್ನಿಬ್ಬರು ಡಾಕ್ಟರುಗಳು ಸಾಲು ನಿಂತಿದ್ದರು. ಹನ್ನೊಂದು ಕೆಂಪು ಗೆರೆ ಬಿದ್ದ ಹಾಳೆಯನ್ನು ಅವರ ಕಡೆ ತಿರುಗಿಸಿ ಅಂದ:

“ನೋಡಿ ಮೇಡಂ, ನಮ್ಮ ಬೆನ್ನು ನಾವೇ ತಟ್ಟಿಕೊಂಡ್ರೆ ಸದ್ದು ಬರುತ್ತೆ, ಲೆಕ್ಕಕ್ಕೆ ಬರಲ್ಲ.”

ಸಾಲಿನಲ್ಲಿದ್ದ ಇಬ್ಬರೂ ಗೊಳ್ಳೆಂದು ನಕ್ಕರು. ಮೇಡಂ ಅವರ ಕಿವಿ ಕೆಂಪಾಯಿತು. ಅವರೂ ಸ್ವಲ್ಪ ನಕ್ಕು, ಥ್ಯಾಂಕ್ಸ್ ಹೇಳಿ, ಹಾಳೆಯನ್ನು ಮಡಿಸಿ ಚೀಲದಲ್ಲಿ ಇಟ್ಟುಕೊಂಡು ಹೋದರು. ಪೆನ್ಸಿಲಣ್ಣ ಆ ಮಾತನ್ನು ಮನೆಯಲ್ಲಿ ಹೇಳಿದ, ಕ್ಯಾಂಟೀನಿನಲ್ಲಿ ಹೇಳಿದ, ಆಮೇಲೆ ವರ್ಷಾನುಗಟ್ಟಲೆ ಅಲ್ಲಲ್ಲಿ ಹೇಳಿದ. ಎಲ್ಲಿ ಹೇಳಿದರೂ ಜನ ನಗುತ್ತಿದ್ದರು.

ಮೇಡಂ ಮುನಿಸಿಕೊಳ್ಳಲಿಲ್ಲ. ಪ್ರತಿ ಶುಕ್ರವಾರ ಊಟವಾದ ಮೇಲೆ ಲೈಬ್ರರಿಗೆ ಬಂದು, ಹೊಸ ಸಂಚಿಕೆಗಳನ್ನು ನೋಡಿ, ಹೋಗುವಾಗ ಅವನ ಮೇಜಿನ ಮುಂದೆ ಎರಡು ನಿಮಿಷ ನಿಲ್ಲುತ್ತಿದ್ದರು. ಹೆಂಡತಿಯ ಆರೋಗ್ಯ ಕೇಳುವರು, ವಾರ್ಡಿನಲ್ಲಿ ಕಾಗದ ಸಾಕಷ್ಟಿದೆಯಾ ಎಂದು ಕೇಳುವರು. ಒಮ್ಮೆ ಅವನದೇ ಥರದ ಒಂದು ಕೆಂಪು ಪೆನ್ಸಿಲು ಅವರ ಚೀಲದಿಂದ ಇಣುಕುತ್ತಿತ್ತು. ಇದೇನು ಮೇಡಂ ಅಂದದ್ದಕ್ಕೆ, ನಿಮ್ಮನ್ನ ನೋಡಿ ಕಲ್ತಿದ್ದು, ಹುಡುಗರ ಬರವಣಿಗೆ ತಿದ್ದೋಕೆ ಅಂದರು. ಅವನಿಗೆ ಆ ಇಡೀ ವಾರ ಹೆಮ್ಮೆಯೋ ಹೆಮ್ಮೆ.

ಅವರ ಕೈಕೆಳಗೆ ಒಂಬತ್ತು ಮಂದಿ ಶಿಷ್ಯರು ಕಲಿತು ಹೊರಗೆ ಹೋದರು. ಬೇರೆ ಬೇರೆ ದೇಶಗಳಲ್ಲಿ ತಮ್ಮ ತಮ್ಮ ಲ್ಯಾಬು ಕಟ್ಟಿದರು. ಅವರದೂ ಅದೇ ಹನಿ, ಅದೇ ಕಾಗದ. ಇಲ್ಲಿ ಮೇಡಂ ಮೂರನೆಯ ಮಹಡಿಯ ಮೂಲೆಯ ಲ್ಯಾಬಿನಲ್ಲಿ ಎರಡು ದೊಡ್ಡ ಫ್ರೀಜರುಗಳ ತುಂಬ ಹನಿಗಳನ್ನು ಕಾಪಾಡಿಕೊಂಡು ಬಂದರು. ನಲವತ್ತೊಂದು ಸಾವಿರ ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಹನಿ, ಹುಟ್ಟಿದ ತಿಂಗಳ ಪ್ರಕಾರ ಪೆಟ್ಟಿಗೆಗಳಲ್ಲಿ. ಹದಿನಾರು ವರ್ಷದ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಮೆಟ್ಟಿಲು ಹತ್ತಲಾರದೆ ಹೋದಳು. ಅದು ಹುಟ್ಟಿನಿಂದಲೇ ಬಂದದ್ದೋ ಆಮೇಲೆ ತಗುಲಿದ್ದೋ ಎಂದು ಡಾಕ್ಟರುಗಳು ತಲೆ ಕೆಡಿಸಿಕೊಂಡಿದ್ದಾಗ, ಮೇಡಂ ಹದಿನಾರು ವರ್ಷದ ಹಿಂದಿನ ಹನಿ ತೆಗೆದು ನೋಡಿ ಉತ್ತರ ಹೇಳಿದರು. ಅಂಥವರು ತಿಂಗಳಿಗೆ ಇಬ್ಬರೋ ಮೂವರೋ ಬರುತ್ತಿದ್ದರು. ಮದುವೆಯಾಗದ ಮೇಡಂ ಆ ಪೆಟ್ಟಿಗೆಗಳನ್ನು ನನ್ನ ಮಕ್ಕಳು ಅನ್ನುತ್ತಿದ್ದರು, ತಮಾಷೆಗೆ.

ಪೆನ್ಸಿಲಣ್ಣನ ನಿವೃತ್ತಿಗೆ ಎಂಟು ತಿಂಗಳಿರುವಾಗ ಹೊಸ ನಿರ್ದೇಶಕರಿಂದ ಸುತ್ತೋಲೆ ಬಂತು. ಲ್ಯಾಬು ನಡೆಸುವ ಪ್ರತಿಯೊಬ್ಬರ ಎಚ್-ಇಂಡೆಕ್ಸ್ ಹದಿನಾರಾದರೂ ಇರಬೇಕು. ಇಲ್ಲದಿದ್ದರೆ ಲ್ಯಾಬು ಮುಚ್ಚಿ ಕೋಣೆಯನ್ನು ಬೇರೆಯವರಿಗೆ ಕೊಡಲಾಗುವುದು.

ಈ ಎಚ್-ಇಂಡೆಕ್ಸ್ ಏನೆಂದು ಹೆಂಡತಿ ಹಿಂದೊಮ್ಮೆ ಕೇಳಿದ್ದಳು. ಪೆನ್ಸಿಲಣ್ಣ ಅಡುಗೆಮನೆಯ ತಟ್ಟೆಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟು, ಡಬ್ಬಿಯಿಂದ ಕಾಳು ಸುರಿದುಕೊಂಡು ಪಾಠಕ್ಕೆ ಕೂತ. ಒಂದು ತಟ್ಟೆ ಅಂದರೆ ಒಂದು ಲೇಖನ, ಒಂದು ಕಾಳು ಅಂದರೆ ಒಂದು ಉಲ್ಲೇಖ. ಮೂರು ತಟ್ಟೆಗಳಲ್ಲಿ ಮೂರು ಮೂರಾದರೂ ಕಾಳಿದ್ದರೆ ಇಂಡೆಕ್ಸ್ ಮೂರು. ಹದಿನಾರು ಬೇಕಾದರೆ ಹದಿನಾರು ತಟ್ಟೆ, ಒಂದೊಂದರಲ್ಲೂ ಹದಿನಾರಕ್ಕೆ ಕಡಿಮೆಯಿಲ್ಲದ ಕಾಳು. ಒಂದೇ ತಟ್ಟೆಗೆ ಸೇರುಗಟ್ಟಲೆ ಸುರಿದರೂ ಅದು ಒಂದೇ.

ಹಾಗಾದರೆ ಒಂದೇ ಒಂದು ದೊಡ್ಡ ಕೆಲಸ ಮಾಡಿದವರ ಗತಿ ಏನು ಎಂದು ಆಕೆ ಕೇಳಿದಳು. ಅವರ ಇಂಡೆಕ್ಸ್ ಒಂದು ಅಂದ. ಚೆನ್ನಾಗಿದೆ ನಿಮ್ಮ ಲೆಕ್ಕ, ಕಾಳು ಎತ್ತಿ ಡಬ್ಬಿಗೆ ಹಾಕಿ, ನಾಳೆ ಅಡುಗೆಗೆ ಬೇಕು ಅಂದಳು ಆಕೆ.

ಹನಿ ಮೇಡಂ ಅವರ ಎಣಿಕೆಯನ್ನು ಪೆನ್ಸಿಲಣ್ಣ ಒಂದು ಸೋಮವಾರ ಬೆಳಿಗ್ಗೆ ಶುರುಮಾಡಿದ. ಬುಧವಾರ ಸಂಜೆಗೆ ಮುಗಿಯಿತು. ಹನ್ನೊಂದು. ಎಲ್ಲೋ ತಪ್ಪಿದೆ ಅಂದುಕೊಂಡು ಮೊದಲಿನಿಂದ ಎಣಿಸಿದ. ಮತ್ತೆ ಹನ್ನೊಂದು. ಇದು ಹೇಗೆ ಸಾಧ್ಯ? ಅವರ ಕಾಗದ ಎಲ್ಲೆಲ್ಲಿ ಬಳಕೆಯಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಹೆಂಡತಿಯ ವಾರ್ಡಿನಲ್ಲಿ ದಿನಾ ಸವೆಯುವುದು ಅದೇ ಕಾಗದ.

ಆಗ ಅವನು ಮೂವತ್ತೆಂಟು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದ. ಪಟ್ಟಿಗಳನ್ನು ಬಿಟ್ಟು ಲೇಖನಗಳ ಒಳಗೇ ಹೊಕ್ಕು ಓದಿದ. ಯಾವ ದೇಶದ್ದೇ ಇರಲಿ, ಹನಿಯ ಬಗ್ಗೆ ಬರೆದವರೆಲ್ಲ, ಸಕ್ಕರೆ ಸವರಿದ ಕಾಗದದ ಮೇಲೆ ರಕ್ತ ತೆಗೆದುಕೊಂಡೆವು ಎಂದು ಬರೆದಿದ್ದರು. ಆದರೆ ಬಹುಪಾಲು ಲೇಖನಗಳ ಕೊನೆಯ ಪಟ್ಟಿಯಲ್ಲಿ ಮೇಡಂ ಇಲ್ಲ. ಅವರ ಜಾಗದಲ್ಲಿ, ಎಲ್ಲರ ಕೆಲಸವನ್ನೂ ಒಟ್ಟುಗೂಡಿಸಿ ದೊಡ್ಡ ಪ್ರೊಫೆಸರೊಬ್ಬರು ಬರೆದ ಒಂದು ಸಮೀಕ್ಷೆ. ಬರೆಯುವವರಿಗೆ ಅದು ಸುಲಭ, ಒಂದನ್ನು ಹೇಳಿದರೆ ಎಲ್ಲರನ್ನೂ ಹೇಳಿದಂತೆ. ಹೊರಗಿನವರು ಹಾಗೆ ಮಾಡಿದ್ದನ್ನು ಅವನು ಹೇಗೋ ನುಂಗಿಕೊಂಡ. ನುಂಗಲಾಗದ್ದು ಇನ್ನೊಂದು. ಮೇಡಂ ಅವರದೇ ಒಂಬತ್ತು ಶಿಷ್ಯರು, ನೂರೆಂಬತ್ತು ಲೇಖನ ಬರೆದಿದ್ದರು, ಒಂದರಲ್ಲಿ, ಒಂದೇ ಒಂದರಲ್ಲೂ ಅವರ ಹೆಸರಿಲ್ಲ.

ಪೆನ್ಸಿಲಣ್ಣನಿಗೆ ಮೈಯೆಲ್ಲ ಉರಿಯಿತು. ಉಂಡ ಮನೆಗೆ ಎರಡು ಬಗೆದವರು ಎಂದು ಮನೆಗೆ ಬಂದು ಕೂಗಾಡಿದ. ಮಾರನೆಯ ದಿನ ಶುಕ್ರವಾರವಲ್ಲದಿದ್ದರೂ ತಾನೇ ಮೂರನೆಯ ಮಹಡಿಗೆ ಹೋಗಿ ಹಾಳೆಯನ್ನು ಮೇಡಂ ಮುಂದಿಟ್ಟ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು. ನಿಮ್ಮ ಶಿಷ್ಯರ ಬಗ್ಗೆ ಹೇಳಬೇಕು ಎಂದು ಅವನು ಬಾಯಿ ತೆರೆದ. ಅವರು ಕೈಯೆತ್ತಿ ತಡೆದು, ಹುಡುಗರನ್ನ ಏನೂ ಅನ್ನಬೇಡಿ ಅಂದರು. ಆಮೇಲೆ ಫ್ರೀಜರಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಒತ್ತಿ ನೋಡಿದರು. ಅದು ಸರಿಯಾಗಿಯೇ ಮುಚ್ಚಿತ್ತು.

ನಿಗದಿತ ನಮೂನೆಯ ಜೊತೆಗೆ ಅವನು ನಾಲ್ಕು ಪುಟದ ಟಿಪ್ಪಣಿ ಬರೆದು ಲಗತ್ತಿಸಿದ. ಇನ್ನೂರ ಹನ್ನೆರಡು ಲೇಖನಗಳು ಇವರ ಪದ್ಧತಿಯನ್ನು ಬಳಸಿವೆ, ಹೆಸರು ಹೇಳಿಲ್ಲ, ದಯವಿಟ್ಟು ಪರಿಗಣಿಸಬೇಕು ಎಂದು. ಸಮಿತಿಯ ಮುಂದೆ ಅವನನ್ನು ಕರೆದರು. ಅಧ್ಯಕ್ಷರು ಮೂಳೆಯ ಡಾಕ್ಟರೇ. ಒಂದು ಹಳದಿ ಬಣ್ಣಕ್ಕೆ ತಿರುಗಿದ ಹಾಳೆಯನ್ನು ಅವನ ಮುಂದೆ ಸರಿಸಿದರು. ಎಣಿಕೆಯ ನಿಯಮಗಳು, ಇಪ್ಪತ್ತಾರು ವರ್ಷದ ಹಿಂದೆ ಬರೆದದ್ದು. ಕೊನೆಯ ಪಟ್ಟಿಯಲ್ಲಿ ಹೆಸರಿಲ್ಲದ ಬಳಕೆಯನ್ನು ಎಣಿಸತಕ್ಕದ್ದಲ್ಲ ಎಂದು ಐದನೆಯ ನಿಯಮ. ಕೆಳಗೆ ಕರಡು ಸಿದ್ಧಪಡಿಸಿದವರ ಸಹಿ. ಪೆನ್ಸಿಲಣ್ಣನದೇ.

“ಅದೂ ಅಲ್ಲದೆ ಪೆನ್ಸಿಲಣ್ಣ, ಆ ಇನ್ನೂರ ಹನ್ನೆರಡೂ ಒಂದೇ ಲೇಖನಕ್ಕೆ ಹೋಗೋದಲ್ವಾ? ಸೇರಿಸಿದ್ರೂ ಹನ್ನೊಂದೇ. ಇದನ್ನ ನಿಮಗೆ ನಾನು ಹೇಳಿಕೊಡಬೇಕಾ?” ಎಂದರು ಅಧ್ಯಕ್ಷರು. ಅವರ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ.

ಹೇಳಿಕೊಡಬೇಕಾಗಿರಲಿಲ್ಲ. ತಟ್ಟೆ, ಕಾಳು, ಎಲ್ಲ ಅವನಿಗೆ ಗೊತ್ತಿದ್ದದ್ದೇ. ಆದರೂ ಮನಸ್ಸು ಕೇಳಿರಲಿಲ್ಲ, ಅದಕ್ಕೇ ಬರೆದಿದ್ದ. ಲ್ಯಾಬು ಮುಚ್ಚುವುದೆಂದು ತೀರ್ಮಾನವಾಯಿತು. ತಿಂಗಳ ಕೊನೆಗೆ ಕೋಣೆ ಖಾಲಿಯಾಗಬೇಕು. ಹನಿಗಳನ್ನು ಬೇರೆ ಸಂಸ್ಥೆಗೆ ಕಳಿಸಲು ಪ್ರತಿ ಮಗುವಿನ ತಂದೆತಾಯಿಯ ಒಪ್ಪಿಗೆ ಬೇಕು. ನಲವತ್ತೊಂದು ಸಾವಿರ ಮನೆಗಳಿಂದ ಇಪ್ಪತ್ತು ದಿನದಲ್ಲಿ ಯಾರು ತರುತ್ತಾರೆ? ಒಪ್ಪಿಗೆಯಿಲ್ಲದ ರಕ್ತವನ್ನು ಸುಡತಕ್ಕದ್ದು ಎಂಬುದು ಮತ್ತೊಂದು ನಿಯಮ. ಅದನ್ನು ಬರೆದವನು ಪೆನ್ಸಿಲಣ್ಣನಲ್ಲ, ಬೇರೆ ಯಾರೋ.

ಸಿಟ್ಟು ಎಲ್ಲಾದರೂ ಹೊರಗೆ ಬರಬೇಕಲ್ಲ. ಆ ದಿನವೇ ಮಧ್ಯಾಹ್ನ ಒಂಬತ್ತು ಶಿಷ್ಯರಿಗೂ ಇಮೇಲ್ ಬರೆದ. ನಿಮ್ಮ ಗುರುಗಳ ಲ್ಯಾಬು ಮುಚ್ಚುತ್ತಿದೆ, ಮುಚ್ಚಿಸಿದವರು ನೀವು, ಒಂದು ಸಾಲಿನ ಉಪಕಾರ ಸ್ಮರಣೆಯೂ ನಿಮ್ಮಿಂದ ಆಗಲಿಲ್ಲ ಎಂದು. ಹೆಂಡತಿಗೆ ಓದಿ ಹೇಳಿದಾಗ ಆಕೆ, ಸ್ವಲ್ಪ ಖಾರ ಕಡಿಮೆ ಮಾಡಬಹುದಿತ್ತು ಅಂದಳು. ಅಷ್ಟರಲ್ಲಿ ಕಳಿಸಿಯಾಗಿತ್ತು.

ಎರಡನೆಯ ದಿನ ಫೋನ್ ಬಂತು. ಒಂಬತ್ತು ಮಂದಿಯಲ್ಲಿ ಹಿರಿಯಳು, ಈಗ ಸ್ವತಃ ದೊಡ್ಡ ಲ್ಯಾಬೊಂದರ ಮುಖ್ಯಸ್ಥೆ. ವಿದ್ಯಾರ್ಥಿನಿಯಾಗಿದ್ದಾಗ ಲೈಬ್ರರಿಯ ಕಿಟಕಿಯಲ್ಲಿ ಕೂತು ಬಾಳೆಹಣ್ಣು ತಿಂದು ಅವನಿಂದ ಬೈಸಿಕೊಳ್ಳುತ್ತಿದ್ದವಳು. ಅಳುತ್ತಿದ್ದಳು.

“ಬೈಯಿರಿ ಪೆನ್ಸಿಲಣ್ಣ, ಬೈಸಿಕೊಳ್ತೀನಿ. ಆದ್ರೆ ನಾವು ಮರೆತಿದ್ದಲ್ಲ. ಮೇಡಮ್ಮೇ ಬಿಡಿಸಿದ್ದು.”

ಆಮೇಲೆ ಆಕೆ ಹೇಳಿದ್ದು ಇದು. ಇಲ್ಲಿಂದ ಹೋಗಿ ತನ್ನ ಮೊದಲ ಸ್ವಂತ ಲೇಖನ ಬರೆದಾಗ, ಓದಿ ನೋಡಿ ಎಂದು ಮೇಡಂಗೆ ಅಂಚೆಯಲ್ಲಿ ಕಳಿಸಿದ್ದಳು. ಕೊನೆಯ ಪಟ್ಟಿಯಲ್ಲಿ ಮೇಡಂ ಅವರ ಏಳು ಲೇಖನಗಳಿದ್ದವು. ವಾಪಸ್ ಬಂದಾಗ ಏಳರ ಮೇಲೂ ಕೆಂಪು ಗೆರೆ. ನಾನು ಕಲಿಸಿದವಳು ನನ್ನ ಹೆಸರು ಹೇಳಿದರೆ ಅದು ನಾನೇ ಹೇಳಿಕೊಂಡಂತೆ, ಬೇರೆಯವರದನ್ನು ಹಾಕು ಎಂದು ಪಕ್ಕದಲ್ಲಿ ಬರೆದಿದ್ದರು. ಒಂಬತ್ತು ಮಂದಿಗೂ ಅದೇ ಅಪ್ಪಣೆ. ಮೀರಲು ಹೊರಟವರ ಹತ್ತಿರ, ಹೆಸರು ತೆಗೆಯುವವರೆಗೂ ಮಾತು ಬಿಡುತ್ತಿದ್ದರು.

“ಒಂದು ಮಾತು ಯಾವಾಗ್ಲೂ ಹೇಳೋರು,” ಎಂದಳು. “ನಮ್ಮ ಬೆನ್ನು ನಾವೇ ತಟ್ಟಿಕೊಂಡ್ರೆ ಸದ್ದು ಬರುತ್ತೆ, ಲೆಕ್ಕಕ್ಕೆ ಬರಲ್ಲ ಅಂತ. ಅವರು ಚಿಕ್ಕವರಿದ್ದಾಗ ಯಾರೋ ತುಂಬ ಪ್ರಾಮಾಣಿಕರು ಹೇಳಿಕೊಟ್ಟರಂತೆ. ಆ ಪುಣ್ಯಾತ್ಮರಿಂದ ನಾನು ಸರಿಯಾದೆ ಅನ್ನೋರು.”

ಅಣ್ಣ, ಇದ್ದೀರಾ ಎಂದು ಅವಳು ಎರಡು ಸಲ ಕೇಳಿದಳು. ಇದ್ದೀನಿ ಅಂದ ಪೆನ್ಸಿಲಣ್ಣ. ಫೋನ್ ಇಟ್ಟ ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಲೈಬ್ರರಿ ಮುಚ್ಚುವವರೆಗೂ ಹಾಗೇ ಕೂತಿದ್ದ.

ಶಿಷ್ಯರು ತಮ್ಮ ಸ್ವಂತ ಲ್ಯಾಬಿನಲ್ಲಿ ಬರೆದದ್ದು, ಮೇಡಂ ಹೆಸರು ಬರೆದವರ ಸಾಲಿನಲ್ಲಿ ಇಲ್ಲದ್ದು, ನಿಯಮದ ಪ್ರಕಾರ ಎಣಿಕೆಗೆ ಬರುತ್ತದೆ. ಎರಡನೆಯ ನಿಯಮ, ಅದೂ ಅವನು ಬರೆದದ್ದೇ. ಆ ದಿನ ಹಾಸ್ಯ ಮಾಡುವ ಬದಲು ಎರಡು ಮಾತು ಸೇರಿಸಿ ಹೇಳಬಹುದಿತ್ತು. ಮೇಡಂ, ನಿಮ್ಮದನ್ನ ನೀವು ಹೇಳೋದು ತಪ್ಪಲ್ಲ, ನಾನು ಎಣಿಸಲ್ಲ ಅಷ್ಟೇ. ನಾಳೆ ನಿಮ್ಮ ಶಿಷ್ಯರು ಹೇಳಿದ್ರೆ ಎಣಿಸ್ತೀನಿ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಸಾಲಿನಲ್ಲಿದ್ದವರು ನಕ್ಕಿದ್ದರು, ಅವನಿಗೆ ಅಷ್ಟು ಸಾಕಾಗಿತ್ತು. ಮೂವತ್ತೊಂದು ವರ್ಷದ ಹೆಣ್ಣುಮಗಳೊಬ್ಬಳು ಕಿವಿ ಕೆಂಪಾಗಿಸಿಕೊಂಡು ಆ ಮಾತನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ, ಜೀವನಪೂರ್ತಿ ಅದನ್ನೇ ವೇದವಾಕ್ಯ ಮಾಡಿಕೊಂಡಳು.

ಅವನು ಒಂಬತ್ತು ಮಂದಿಗೂ ಮತ್ತೆ ಬರೆದ, ಈ ಸಲ ಖಾರವಿಲ್ಲದೆ. ನಿಮ್ಮ ಯಾವ ಲೇಖನದಲ್ಲಿ ಮೇಡಂ ಅವರ ಯಾವ ಲೇಖನ ನ್ಯಾಯವಾಗಿ ಬರಬೇಕಿತ್ತು, ಗುರುತು ಹಾಕಿ ಕಳಿಸಿ ಎಂದು ಕೇಳಿಕೊಂಡ. ಎಲ್ಲರೂ ಕಳಿಸಿದರು. ಭಾನುವಾರ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತ. ಅಲ್ಲೂ ಪೆನ್ಸಿಲು ಸುಮ್ಮನಿರಲಿಲ್ಲ. ಬರೀ ಪ್ರೀತಿಗೆ ಸೇರಿಸಿದ್ದು ಎನಿಸಿದ್ದನ್ನೆಲ್ಲ ಹೊಡೆದುಹಾಕಿದ. ಉಳಿದದ್ದನ್ನು ಎಣಿಸಿದ. ಅವು ಒಂದೇ ತಟ್ಟೆಯ ಕಾಳಾಗಿರಲಿಲ್ಲ, ಮೇಡಂ ಅವರ ಹತ್ತಾರು ಲೇಖನಗಳಿಗೆ ಹಂಚಿಹೋಗಿದ್ದವು.

ಎಷ್ಟು ಎಂದು ಹೆಂಡತಿ ಕೇಳಿದಳು. ಹತ್ತೊಂಬತ್ತು ಅಂದ. ಆಕೆ ಕೈಲಿದ್ದ ಲೋಟ ಕೆಳಗಿಟ್ಟು ಕೂತುಬಿಟ್ಟಳು. ಈಗ ಕೊಟ್ಟರೆ ಆಗುವುದಿಲ್ಲವಾ ಅಂದಳು. ಬರೆಯದೆ ಇದ್ದದ್ದನ್ನು ಬರೆದಿದ್ದರೆ ಅಂತ ಎಣಿಸುವ ನಿಯಮ ಎಲ್ಲೂ ಇಲ್ಲ ಅಂದ ಅವನು. ಆಕೆ, ಹಾಗಾದರೆ ಹೋಗಿ ಅವರ ಹತ್ತಿರ ಕ್ಷಮೆ ಕೇಳಿ ಬನ್ನಿ, ಇಲ್ಲದಿದ್ದರೆ ನಿಮಗೆ ಸಮಾಧಾನವಿಲ್ಲ ಅಂದಳು. ಅವನು ಹತ್ತೊಂಬತ್ತು ಎಂದು ಬರೆದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಪೆನ್ಸಿಲಣ್ಣ ಮೂರನೆಯ ಮಹಡಿಗೆ ಹೋದ. ಫ್ರೀಜರುಗಳ ಬಾಗಿಲು ತೆರೆದಿತ್ತು, ಮಂಜು ಕರಗಿ ನೆಲದ ಮೇಲೆ ನೀರು ಹರಿದಿತ್ತು. ಕೆಳಗಿನಿಂದ ಬಂದ ಇಬ್ಬರು ಕೆಲಸದವರು ಪೆಟ್ಟಿಗೆಗಳನ್ನು ಚಕ್ರದ ಗಾಡಿಗೆ ಏರಿಸುತ್ತಿದ್ದರು. ಸುಡುವ ಕುಲುಮೆ ಆಸ್ಪತ್ರೆಯ ಹಿತ್ತಲಿನಲ್ಲಿತ್ತು. ಮೇಡಂ ಸ್ಟೂಲಿನ ಮೇಲೆ ಕೂತು, ಪ್ರತಿ ಪೆಟ್ಟಿಗೆಯ ತಿಂಗಳು ಮತ್ತು ವರ್ಷವನ್ನು ಓದಿ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು. ಸುಡಲು ಹೋಗುವುದಕ್ಕೆ ಪಟ್ಟಿ ಯಾಕೆ ಎಂದು ಯಾರೂ ಅವರನ್ನು ಕೇಳಲಿಲ್ಲ. ಕೈಯಲ್ಲಿದ್ದದ್ದು ಅದೇ ಕೆಂಪು ಪೆನ್ಸಿಲು.

ಕೆಲಸದವರು ಗಾಡಿ ತಳ್ಳಿಕೊಂಡು ಹೋದ ಮೇಲೆ ಅವರಿಬ್ಬರೇ ಉಳಿದರು. ಅವನು ಮಾತು ಶುರುಮಾಡುವ ಮೊದಲೇ ಮೇಡಂ ಅಂದರು:

“ಹಿರಿಯವಳು ಫೋನ್ ಮಾಡಿದ್ಲು. ನೀವು ಎಲ್ಲಾ ಸೇರಿಸಿ ಮತ್ತೆ ಎಣಿಸಿದ್ರಂತೆ.”

“ಹೌದು ಮೇಡಂ.”

“ನಾಲ್ಕು ದಿನದಿಂದ ಅನ್ನ ಇಳಿದಿಲ್ಲ ಪೆನ್ಸಿಲಣ್ಣ. ಈ ಮಕ್ಕಳನ್ನ ನಾನೇ ಕೈಯಾರೆ ಬೆಂಕಿಗೆ ಹಾಕಿದೆನೇನೋ ಅಂತ. ಹುಡುಗರು ಬರೆದಿದ್ರೆ ಹದಿನಾರು ಆಗ್ತಿತ್ತಾ? ನಿಜ ಹೇಳಿ. ನೀವು ಹೇಳಿದ್ರೆ ನಂಬ್ತೀನಿ.”

ಹಾಳೆ ಜೇಬಿನಲ್ಲೇ ಇತ್ತು. ಕ್ಷಮೆ ಕೇಳಬೇಕೆಂದೇ ಅವನು ಬಂದದ್ದು. ಆ ದಿನ ಆ ಮಾತು ಆಡಿದ್ದು ನಾನು ಮೇಡಂ, ತಪ್ಪು ನನ್ನದು ಎಂದು ಕಾಲು ಹಿಡಿಯಲೂ ಸಿದ್ಧನಾಗಿ ಬಂದಿದ್ದ. ಆದರೆ ಕ್ಷಮೆ ಕೇಳಬೇಕಾದರೆ ಹತ್ತೊಂಬತ್ತು ಎಂದು ಹೇಳಬೇಕು. ಹೇಳಿದರೆ ತಪ್ಪನ್ನು ಅವನು ಎಷ್ಟೇ ತನ್ನ ಮೇಲೆ ಹಾಕಿಕೊಂಡರೂ, ಮೇಡಂ ಬದುಕಿರುವಷ್ಟು ದಿನ ತನ್ನ ಕೈಯನ್ನು ತಾನೇ ನೋಡಿಕೊಂಡು ಅಳುತ್ತಾರೆ. ಹಗುರಾಗುವುದು ಅವನೊಬ್ಬನೇ. ಅವನು ಅವರ ಕೈಯ ಕಡೆ ನೋಡಿದ. ತಣ್ಣಗಿನ ಪೆಟ್ಟಿಗೆ ಮುಟ್ಟಿ ಮುಟ್ಟಿ ಬೆರಳು ಬಿಳಿಚಿಕೊಂಡಿದ್ದವು.

“ಹದಿಮೂರು ಮೇಡಂ,” ಅಂದ.

“ಹದಿಮೂರೇ?”

“ಹದಿಮೂರೇ. ಮೂರು ಸಲ ಎಣಿಸಿದೆ. ಹೇಗಿದ್ರೂ ಸಾಕಾಗ್ತಿರಲಿಲ್ಲ.”

ಮೇಡಂ ಕಣ್ಣು ಮುಚ್ಚಿಕೊಂಡು ದೀರ್ಘವಾಗಿ ಉಸಿರು ಬಿಟ್ಟರು. ಅವರ ಭುಜ ಕೆಳಗಿಳಿದದ್ದು ಅವನಿಗೆ ಕಾಣಿಸಿತು. ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

“ಸದ್ಯ,” ಎಂದರು. “ನಿಮ್ಮ ಲೆಕ್ಕ ಅಂದ ಮೇಲೆ ಮುಗೀತು. ನೀವು ಯಾರಿಗೂ ಸುಳ್ಳು ಸಂಖ್ಯೆ ಹೇಳಿದವರಲ್ಲ.”

ಗಾಡಿ ವಾಪಸ್ ಬಂತು. ಇನ್ನು ಹದಿನೆಂಟು ಪೆಟ್ಟಿಗೆ ಉಳಿದಿದ್ದವು. ಮೇಡಂ ತಿಂಗಳು ಓದಿ ಹೇಳುತ್ತಾ ಹೋದರು, ಪೆನ್ಸಿಲಣ್ಣ ಒಂದೊಂದಾಗಿ ಎತ್ತಿ ಗಾಡಿಯ ಮೇಲೆ ಇಟ್ಟ.